ಮೌಲ್ಯದ ಕಾಲಂ ಮತ್ತು ಎರಡು ಕೊಳಗ

ಬಿ.ಇಡಿ. ಪಠ್ಯಕ್ರಮವನ್ನು ರೂಪಿಸುವ, ಪಾಠ ವೀಕ್ಷಣೆಯ ಹಾಳೆಗಳನ್ನು ಅಚ್ಚು ಹಾಕಿಸುವ, ಶಾಲೆಗಳ ಉಸ್ತುವಾರಿ ನೋಡಿಕೊಳ್ಳುವ ಎಲ್ಲ ಹಿರಿಯರಿಗೆ,

ನಮಸ್ಕಾರಗಳು.

ನಾನು ಶಿವಮೊಗ್ಗದಲ್ಲಿ ಈ ವರ್ಷ ಬಿ.ಇಡಿ. ಮುಗಿಸಿದವಳು. ಊರು ತೀರ್ಥಹಳ್ಳಿ ಕಡೆ. ಎರಡು ವರ್ಷ ಬರೆದ ಪಾಠಯೋಜನೆಗಳ ಕಟ್ಟು ಈಗ ನಮ್ಮ ಮನೆಯ ಅಟ್ಟ ಸೇರಿದೆ. ಇನ್ನೆರಡು ಮಳೆಗಾಲ ಕಳೆದರೆ ಗೆದ್ದಲು ಹಿಡಿಯುತ್ತದೆ, ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಕಟ್ಟಿನಿಂದ ಒಂದು ಹಾಳೆಯನ್ನು ಮಾತ್ರ ಕಿತ್ತು ತೆಗೆದಿಟ್ಟುಕೊಂಡಿದ್ದೇನೆ. ಈ ಪತ್ರ ಆ ಹಾಳೆಯ ಬಗ್ಗೆ.

ನಾವು ಬಳಸುತ್ತಿದ್ದ ನಮೂನೆಯನ್ನು ತಾವು ಬಲ್ಲಿರಿ. ಬೋಧನಾಂಶ, ಕಲಿಕಾ ಫಲ, ಚಟುವಟಿಕೆ, ಕಲಿಕೋಪಕರಣ, ಮೌಲ್ಯಮಾಪನ, ಎಲ್ಲಕ್ಕೂ ಕೊನೆಯಲ್ಲಿ ಬೆರಳಗಲದ ಒಂದು ಕಾಲಂ: ‘ಬೆಳೆಸುವ ಮೌಲ್ಯ’. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಇಪ್ಪತ್ತು ಮೌಲ್ಯಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದಳು. ಇತಿಹಾಸವಾದರೆ ದೇಶಪ್ರೇಮ, ಭೂಗೋಳವಾದರೆ ಪರಿಸರ ಕಾಳಜಿ, ಏನೂ ಹೊಂದದಿದ್ದರೆ ಸಹಕಾರ. ನಾವೆಲ್ಲ ರಾತ್ರಿ ಹನ್ನೊಂದಕ್ಕೆ ಅದನ್ನು ನೋಡಿಕೊಂಡು ಕಾಲಂ ತುಂಬುತ್ತಿದ್ದೆವು. ‘ಪ್ರಾಮಾಣಿಕತೆ’ ಎಂಬುದನ್ನು ನಾನು ಅವಳ ಪಟ್ಟಿಯಿಂದ ಕನಿಷ್ಠ ಆರು ಸಲ ನಕಲು ಮಾಡಿದ್ದೇನೆ.

ಇದು ಕೋರ್ಸಿನ ಮೇಲಿನ ದೂರಲ್ಲ. ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇಯ 2014ರ ನಿಯಮಾವಳಿ ಬಿ.ಇಡಿ.ಯನ್ನು ಎರಡು ವರ್ಷ ಮಾಡಿ, ಒಟ್ಟು 20 ವಾರ ನಮ್ಮನ್ನು ಶಾಲೆಗಳಿಗೆ ಕಳಿಸುವ ವ್ಯವಸ್ಥೆ ಮಾಡಿತು. ಆ ಇಪ್ಪತ್ತು ವಾರ ಇಲ್ಲದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಪಟ್ಟಿಯನ್ನೇ ಮೌಲ್ಯವೆಂದು ನಂಬಿಕೊಂಡು ಪದವಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸುತ್ತಿದ್ದೆ.

ನನ್ನನ್ನು ಹಾಕಿದ್ದು ಸಾಗರದಿಂದ ಹಿನ್ನೀರಿನ ಕಡೆಗೆ ಹೋಗುವ ದಾರಿಯ ಒಂದು ಪ್ರೌಢಶಾಲೆಗೆ. ನವೆಂಬರಿನ ಒಂದು ಮಂಗಳವಾರ, ಮೊದಲ ಅವಧಿ, ಒಂಬತ್ತನೆಯ ತರಗತಿ. ಪಾಠ ನೋಡಲು ಕಾಲೇಜಿನಿಂದ ಉಪನ್ಯಾಸಕರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಕೊನೆಯ ಕಾಲಂನಲ್ಲಿ ನಾನು ಬರೆದಿದ್ದ ಅಂದಿನ ಮೌಲ್ಯ ‘ಸಮಯಪಾಲನೆ’.

ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಂತ. “ಒಳಗೆ ಬರಲಾ ಟೀಚರ್?” ಅದೇ ವಾರದಲ್ಲಿ ಎರಡನೆಯ ಸಲ. ಮೊಣಕಾಲಿನವರೆಗೆ ಕೆಸರು, ಅಂಗೈ ಎರಡೂ ಕಪ್ಪು. ಅದು ಅಡಿಕೆಯ ಕರೆ, ಸುಲಿದವರ ಕೈಗೆ ಹತ್ತುವ ಕಲೆ, ಎಂದು ಅಡಿಕೆ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಾಗಬೇಕಿತ್ತು. ಆದರೆ ನಾನು ಆಗ ನೋಡುತ್ತಿದ್ದದ್ದು ಹಿಂದಿನ ಬೆಂಚಿನಲ್ಲಿದ್ದ ಪೆನ್ನನ್ನು. “ಅಲ್ಲೇ ನಿಂತಿರು. ಸಮಯದ ಬೆಲೆ ಏನೆಂದು ಗೊತ್ತಾಗಲಿ” ಎಂದೆ. ಅವನು ಗೋಡೆಗೆ ಸರಿದು ನಿಂತ. ಅವನ ಹೆಗಲ ತುದಿ ಮಾತ್ರ ನನಗೆ ಕಾಣುತ್ತಿತ್ತು.

ಐದು ನಿಮಿಷದ ಬಳಿಕ ಇನ್ನೊಬ್ಬ ಬಂದ. ಅವನ ತಂದೆ ಕಾರಿನಲ್ಲಿ ಗೇಟಿನವರೆಗೆ ಬಿಟ್ಟುಹೋದದ್ದು ಕಿಟಕಿಯಿಂದ ಕಂಡಿತ್ತು. ತೋಟ, ಪೇಟೆಯಲ್ಲಿ ಮಂಡಿ, ಶಾಲಾ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಶಾಮಿಯಾನದ ಖರ್ಚು ಕೊಡುವ ಮನೆ. “ಬಾ ಬಾ, ಬೇಗ ಕುಳಿತುಕೋ” ಎಂದು ನಾನು ನಕ್ಕೆ. ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಸಮಯಪಾಲನೆಯ ಬಗ್ಗೆ ಎರಡು ನಿಮಿಷ ಮಾತನಾಡಿದೆ.

ವೀಕ್ಷಣೆಯ ಹಾಳೆ ಸಂಜೆ ಕೈಗೆ ಬಂತು. ‘ಪಾಠದಲ್ಲಿ ಮೌಲ್ಯಗಳ ಸಮನ್ವಯ’ ಎಂಬುದರ ಮುಂದೆ ‘ಉತ್ತಮ’ ಎಂದಿತ್ತು. ಕಿತ್ತಿಟ್ಟುಕೊಂಡಿರುವ ಹಾಳೆ ಅದೇ.

ಆ ಉಪನ್ಯಾಸಕರನ್ನು ನಾನು ದೂರುವುದಿಲ್ಲ. ಒಳ್ಳೆಯ ಮನುಷ್ಯರು, ಕಪ್ಪುಹಲಗೆಯ ಮೇಲೆ ಅಕ್ಷರ ನೆಟ್ಟಗೆ ಬರೆಯುವುದನ್ನು ನನಗೆ ಕಲಿಸಿದವರೇ ಅವರು. ಹಾಳೆ ಏನು ಕೇಳಿತೋ ಅದಕ್ಕೆ ಉತ್ತರ ಕೊಟ್ಟರು. ಪ್ರಶ್ನೆ ಸ್ಪಷ್ಟವಾಗಿತ್ತೇ, ಧ್ವನಿ ಕೊನೆಯ ಬೆಂಚಿಗೆ ಮುಟ್ಟಿತೇ, ಚಾರ್ಟ್ ದೊಡ್ಡದಿತ್ತೇ ಎಂದೆಲ್ಲ ಅದು ಕೇಳುತ್ತದೆ. ಬಾಗಿಲ ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ಕೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದು ನನ್ನ ನೋಟ್ಸಿನಲ್ಲಿ ಕೆಂಪು ಶಾಯಿಯಲ್ಲಿತ್ತು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಕೈಯಲ್ಲಿ ಬೆತ್ತವಿರಲಿಲ್ಲವಲ್ಲ, ಹಾಗಾಗಿ ನಾನು ಶಿಕ್ಷೆ ಕೊಡುತ್ತಿದ್ದೇನೆ ಎಂದೇ ಅನಿಸಲಿಲ್ಲ.

ಇನ್ನೊಂದು ಮಾತು. 2023ರಿಂದ ನಮ್ಮ ಶಾಲೆಗಳಲ್ಲಿ ಬೆಳಗಿನ ಹೊತ್ತು ಸಂವಿಧಾನದ ಪೀಠಿಕೆ ಓದಿಸುತ್ತಿದ್ದೇವೆ. ಒಳ್ಳೆಯ ಪದ್ಧತಿ. ಆದರೆ ತಡವಾಗಿ ಬರುವ ಮಕ್ಕಳು ಸ್ಥಾನಮಾನದ ಸಮಾನತೆ, ಅವಕಾಶದ ಸಮಾನತೆ ಎಂಬ ಮಾತುಗಳನ್ನು ಕೇಳಿಸಿಕೊಳ್ಳುವುದು ಗೇಟಿನ ಹೊರಗೆ ನಿಂತುಕೊಂಡು.

ಎರಡು ವಾರ ಕಳೆಯಿತು. ರೈತ ಚಳವಳಿಗಳ ಬಗ್ಗೆ ಹತ್ತನೆಯವರಿಗೂ ಒಂಬತ್ತನೆಯವರಿಗೂ ಸೇರಿಸಿ ಒಂದು ವಿಶೇಷ ತರಗತಿ ಮಾಡಲು ಮುಖ್ಯ ಶಿಕ್ಷಕರು ಹೇಳಿದರು. ಚಂಪಾರಣ್, ಖೇಡಾ ಎಂದು ಶುರು ಮಾಡುವ ಬದಲು ಪಕ್ಕದ ಕಾಗೋಡನ್ನೇ ಹಿಡಿದೆ. 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಒಡೆಯರ ಗದ್ದೆಗೆ ನೇಗಿಲು ಹೊತ್ತು ಇಳಿದು ಬಂಧನಕ್ಕೊಳಗಾದದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧಿತರಾದದ್ದು, ಇವೆಲ್ಲ ಸಾಗರದ ಮಕ್ಕಳಿಗೆ ಕಥೆಯ ಹಾಗೆ ಗೊತ್ತು. ಜಗಳದ ಬೇರಿನಲ್ಲಿದ್ದದ್ದು ಧಾನ್ಯ ಅಳೆಯುವ ಪಾತ್ರೆಯಾದ ಕೊಳಗ ಎಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗೇಣಿ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಲೆಕ್ಕ ಸರಿಯೇ. ಕೊಳಗವೇ ದೊಡ್ಡದಾದರೆ ಆ ಲೆಕ್ಕದಿಂದ ಯಾರಿಗೆ ಏನು ಪ್ರಯೋಜನ?

ಮಕ್ಕಳಿಗೆ ಮನೆಯಲ್ಲಿರುವ ಹಳೆಯ ಅಳತೆಗಳನ್ನು ತರಲು ಹೇಳಿದ್ದೆ. ಮೇಜಿನ ಮೇಲೆ ಪಾವು, ಸೇರು, ಸಿದ್ದೆ ಎಲ್ಲ ಬಂದವು. ಒಬ್ಬಳ ಅಜ್ಜಿ ಹಿತ್ತಾಳೆ ಕಟ್ಟು ಹಾಕಿದ ಮರದ ಕೊಳಗವನ್ನು ಬಟ್ಟೆಯಲ್ಲಿ ಸುತ್ತಿ, ಸಂಜೆಯೊಳಗೆ ವಾಪಸ್ ಬರಬೇಕೆಂದು ಹೇಳಿ ಕಳಿಸಿದ್ದರು. ಅಂದು ಬಾಗಿಲ ಹೊರಗೆ ನಿಂತಿದ್ದ ಹುಡುಗ ಏನೂ ತಂದಿರಲಿಲ್ಲ. “ನಿಮ್ಮ ಮನೆಯಲ್ಲಿ ಯಾವ ಅಳತೆ ಇದೆ?” ಎಂದೆ.

“ನಮ್ಮ ಮನೆಯಲ್ಲಿ ಇಲ್ಲ ಟೀಚರ್. ಅಡಿಕೆ ಸುಲಿಯುವಲ್ಲಿ ಇದೆ, ಡಬ್ಬ.”

ಅವನ ಅಪ್ಪ ಕೊನೆಗಾರ, ಮರ ಹತ್ತಿ ಅಡಿಕೆ ಗೊನೆ ಇಳಿಸುವವರು. ಅಮ್ಮ ಸಂಜೆ ಏಳರಿಂದ ಮೆಟ್ಟುಗತ್ತಿಯ ಮುಂದೆ ಕುಳಿತರೆ ಏಳುವುದು ಹನ್ನೊಂದು, ಹನ್ನೆರಡಕ್ಕೆ. ಸುಲಿದ ಅಡಿಕೆಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಸುಗ್ಗಿಯಲ್ಲಿ ಇವನೂ ಜೊತೆಗೆ ಕೂರುತ್ತಾನೆ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಇರುವುದು ಒಂದೇ ಬಸ್ಸು, ತುಂಬಿದ್ದರೆ ನಿಲ್ಲುವುದಿಲ್ಲ, ಕೈ ತೋರಿಸುವವರು ಶಾಲೆಯ ಮಕ್ಕಳಾದರೆ ಖಾಲಿಯಿದ್ದರೂ ನಿಲ್ಲುವುದು ಅನುಮಾನ. ಆಮೇಲೆ ಗದ್ದೆಯ ಬದುವಿನ ಮೇಲೆ ನಾಲ್ಕು ಕಿಲೋಮೀಟರ್ ನಡಿಗೆ. ಇದನ್ನೆಲ್ಲ ಅವನು ದೂರಾಗಿ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಒಂದೊಂದೇ ಉತ್ತರ ಕೊಟ್ಟ. ಕೊನೆಗೆ ತಾನಾಗಿಯೇ ಸೇರಿಸಿದ: “ನಮ್ಮದನ್ನು ಅಳೆಯುವಾಗ ಡಬ್ಬವನ್ನು ಕುಲುಕಿ ಕುಲುಕಿ ತುಂಬುತ್ತಾರೆ ಟೀಚರ್. ಆಮೇಲೆ ಮೇಲೊಂದು ಗುಡ್ಡೆ ಹಾಕುತ್ತಾರೆ.”

ತರಗತಿ ಗೊಳ್ಳೆಂದು ನಕ್ಕಿತು. ನಗದೆ ಕುಳಿತಿದ್ದವನು ಒಬ್ಬನೇ. ಯಾರೆಂದು ತಮಗೆ ಹೇಳಬೇಕಾಗಿಲ್ಲ.

ನನಗೆ ಮುಂದಿನ ವಾಕ್ಯ ಹೊರಡಲಿಲ್ಲ. ನಮ್ಮ ಅಜ್ಜನೂ ಗೇಣಿದಾರರು. ಮನೆಯಲ್ಲಿ ಅಳೆದು ಹೊತ್ತುಕೊಂಡು ಹೋದ ಭತ್ತ ಒಡೆಯರ ಅಂಗಳದಲ್ಲಿ ಕಡಿಮೆ ಬೀಳುತ್ತಿತ್ತಂತೆ. ಪ್ರತಿ ವರ್ಷ ಕಡಿಮೆ ಬೀಳುತ್ತದೆಂದು ಗೊತ್ತಿದ್ದರೂ ಪ್ರತಿ ವರ್ಷ ಮನೆಯಲ್ಲಿ ಅಳೆದೇ ಹೊರಡುತ್ತಿದ್ದರಂತೆ. 1974ರ ಭೂಸುಧಾರಣಾ ತಿದ್ದುಪಡಿ ಬಂದ ಮೇಲೆ ಗೇಣಿ ಜಮೀನಿನ ಹಕ್ಕು ಕೇಳುವ ಏಳನೆಯ ನಂಬರಿನ ಫಾರಂ ತುಂಬಿ, ಭೂನ್ಯಾಯ ಮಂಡಳಿಗೆ ಅಲೆದು, ಮೂರು ಎಕರೆ ನಮ್ಮದಾಯಿತು. ಆ ಮೂರು ಎಕರೆಯ ಅಡಿಕೆ ನನ್ನನ್ನು ಬಿ.ಇಡಿ. ಓದಿಸಿತು. ಓದಿ ಬಂದ ಮೊಮ್ಮಗಳು ತರಗತಿಯಲ್ಲಿ ಮಾಡಿದ್ದೇನು? ಎರಡು ಕೊಳಗ ಇಟ್ಟುಕೊಂಡದ್ದು. ಕೊನೆಗಾರನ ಮಗನ ಹತ್ತು ನಿಮಿಷಕ್ಕೆ ಒಂದು, ಮಂಡಿಯವರ ಮಗನ ಹದಿನೈದು ನಿಮಿಷಕ್ಕೆ ಇನ್ನೊಂದು.

ಆ ಮಧ್ಯಾಹ್ನ ನಲ್ಲಿಯ ಹತ್ತಿರ ಅವನು ತಟ್ಟೆ ತೊಳೆಯುತ್ತಿದ್ದಾಗ ಹೋಗಿ, “ಅವತ್ತು ನಿನ್ನನ್ನು ಹೊರಗೆ ನಿಲ್ಲಿಸಿದ್ದು ನನ್ನ ತಪ್ಪು” ಎಂದೆ.

“ಯಾವತ್ತು ಟೀಚರ್?” ಎಂದ. ನಿಜವಾಗಿಯೂ ಅವನಿಗೆ ಗೊತ್ತಾಗಿರಲಿಲ್ಲ.

ಮಕ್ಕಳನ್ನು ರಾತ್ರಿ ಕೆಲಸಕ್ಕೆ ಕೂರಿಸಬಾರದು ಎನ್ನುವಿರಿ. ಹೌದು. ಅವನ ಅಮ್ಮನನ್ನು ಕಂಡು ಮಾತನಾಡಿದೆ. ಹತ್ತು ಗಂಟೆಗೆ ಮಲಗಿಸುತ್ತೇನೆ ಎಂದರು, ಕೆಲವು ದಿನ ಹಾಗೆಯೇ ಮಾಡಿದರು ಎಂದುಕೊಂಡಿದ್ದೇನೆ. ಅದು ದೊಡ್ಡ ವಿಷಯ, ಈ ಪತ್ರದಲ್ಲಿ ಮುಗಿಯುವುದಲ್ಲ. ನಾನು ಹೇಳಹೊರಟಿದ್ದು ನನ್ನ ಕೈಯಲ್ಲಿದ್ದ ಅಳತೆಯ ಬಗ್ಗೆ.

‘ಮೌಲ್ಯಮಾಪನ’ ಎಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಮಕ್ಕಳು ಎಷ್ಟು ಕಲಿತರು ಎಂದು ಅಳೆಯಲು ನಮಗೆ ರಸಪ್ರಶ್ನೆ, ಘಟಕ ಪರೀಕ್ಷೆ, ನೀಲನಕ್ಷೆ ಎಲ್ಲವನ್ನೂ ಕಲಿಸಿದ್ದೀರಿ. ಮಾಪನವೇ ಸರಿಯಿದೆಯೇ ಎಂದು ನೋಡುವುದನ್ನು ಮಾತ್ರ ಕಲಿಸಲಿಲ್ಲ. ಅಂಗಡಿಯ ತಕ್ಕಡಿಗಾದರೂ ಅಳತೆ ಮತ್ತು ತೂಕ ಇಲಾಖೆಯವರು ಬಂದು ಮುದ್ರೆ ಒತ್ತಿ ಹೋಗುತ್ತಾರೆ.

ಒಮ್ಮೆ ಕಣ್ಣು ತೆರೆದ ಮೇಲೆ ಎಲ್ಲೆಲ್ಲೂ ಅದೇ ಕಂಡಿತು. ಹಾಜರಾತಿಯನ್ನೇ ತೆಗೆದುಕೊಳ್ಳಿ. ವಾರ್ಷಿಕೋತ್ಸವದಲ್ಲಿ ಪೂರ್ಣ ಹಾಜರಾತಿಗೆ ಸ್ಟೀಲ್ ಲೋಟದ ಬಹುಮಾನ. ಲೋಟ ಯಾರ ಮನೆಗೆ ಹೋಗುತ್ತದೆ? ಡಾಂಬರು ರಸ್ತೆಯ ಪಕ್ಕದ ಮನೆಗೆ. ಹಳ್ಳದ ಆಚೆಯ ಎಂಟನೆಯ ತರಗತಿಯ ಒಬ್ಬ ಹುಡುಗಿ ಕಾಲುಸಂಕ ದಾಟಿ ಬರಬೇಕು. ಎರಡು ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರು. ಜುಲೈ ತಿಂಗಳಲ್ಲಿ ನೀರು ಸಂಕದ ಮೇಲೆ ಹರಿಯುವ ದಿನಗಳಲ್ಲಿ ಅವಳ ತಾಯಿ ಕಳಿಸುವುದಿಲ್ಲ. ಆ ತಾಯಿ ಮಾಡಿದ್ದು ಸರಿ ಎಂದು ಇಡೀ ಊರು ಒಪ್ಪುತ್ತದೆ, ರಿಜಿಸ್ಟರ್ ಮಾತ್ರ ಅದನ್ನು ‘ಗೈರು’ ಎಂದು ಬರೆದುಕೊಳ್ಳುತ್ತದೆ. ಮಳೆ ರಜೆಯ ಸುದ್ದಿ ವಾಟ್ಸಾಪಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬಂದರೆ ಪೇಟೆಯ ಮಗು ಹೊದಿಕೆ ಎಳೆದುಕೊಳ್ಳುತ್ತದೆ. ದೂರದ ಮಗು ಅಷ್ಟರಲ್ಲಿ ಅರ್ಧ ದಾರಿ ನಡೆದು ತೊಯ್ದು ಮುದ್ದೆಯಾಗಿರುತ್ತದೆ. ಬೇಸಿಗೆಗೆ ಮುಂಚೆ, ಉಣುಗು ಅಂದರೆ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆಯ ಭಯ ಬೇರೆ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೊಪ್ಪು ತರಲು, ದನ ಅಟ್ಟಲು ಕಾಡಂಚಿಗೆ ಹೋಗುವ ಮನೆಗಳ ಮಕ್ಕಳಿಗೆ ಜ್ವರ ಬಂದರೆ “ಉಣುಗು ಕಚ್ಚಿತ್ತೇ?” ಎಂದು ಕೇಳುವುದು ಮಲೆನಾಡಿನ ಶಿಕ್ಷಕರ ಮೊದಲ ಪಾಠವಾಗಬೇಕಿತ್ತು. ನಾನು ಕೇಳಿದ್ದು “ರಜೆ ಚೀಟಿ ಎಲ್ಲಿ?” ಎಂದು.

ಆ ಶಾಲೆಯಲ್ಲಿ ಒಂದೇ ಅಳತೆ ಇಟ್ಟುಕೊಂಡಿದ್ದವರು ಒಬ್ಬರಿದ್ದರು. ಬಿಸಿಯೂಟದ ಅಕ್ಕ. ಅವರ ಸೌಟು ಯಾರಿಗೂ ದೊಡ್ಡದಾಗುತ್ತಿರಲಿಲ್ಲ, ಯಾರಿಗೂ ಚಿಕ್ಕದಾಗುತ್ತಿರಲಿಲ್ಲ. ಬೆಳಿಗ್ಗೆ ಉಣ್ಣದೆ ಬಂದವರು ಯಾರೆಂದು ಮುಖ ನೋಡಿಯೇ ಅವರಿಗೆ ತಿಳಿಯುತ್ತಿತ್ತು, ಅಂಥವರನ್ನು ಸಾಲಿನ ಮುಂದಕ್ಕೆ ಕರೆದು ಎರಡನೆಯ ಸಲ ಕೇಳದೆಯೇ ಬಡಿಸುತ್ತಿದ್ದರು. ಮೇಲ್ನೋಟಕ್ಕೆ ಇದೂ ಭೇದವೇ. ನಾನು ಬಹಳ ದಿನ ಇದರ ಬಗ್ಗೆ ತಲೆ ಕೆಡಿಸಿಕೊಂಡೆ: ಒಬ್ಬನನ್ನು ಮುಂದಕ್ಕೆ ಕರೆಯುವುದು ನ್ಯಾಯವಾದರೆ, ಇನ್ನೊಬ್ಬನಿಗೆ ನಕ್ಕು “ಕುಳಿತುಕೋ” ಎಂದ ನನ್ನದು ಯಾಕೆ ಅನ್ಯಾಯ? ಅಕ್ಕ ನೋಡಿದ್ದು ಮಗುವಿನ ಹೊಟ್ಟೆಯನ್ನು, ನಾನು ನೋಡಿದ್ದು ಅಪ್ಪನ ಕಾರನ್ನು. ಇದಕ್ಕಿಂತ ಪಾಂಡಿತ್ಯದ ಉತ್ತರ ನನಗೆ ಹೊಳೆದಿಲ್ಲ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ನಮ್ಮ ತರಗತಿಯನ್ನು ಪ್ರವಾಸ ಕರೆದುಕೊಂಡು ಹೋಗಿದ್ದರು. ಕೇದಾರೇಶ್ವರ ದೇವಾಲಯದ ಮುಂದೆ ನಾವೆಲ್ಲ ಫೋಟೋ ತೆಗೆಸಿಕೊಂಡೆವು. ಅಲ್ಲಿದ್ದ ಕೋಡಿಯ ಮಠದ 1162ರ ಶಾಸನದಲ್ಲಿ ಏನಿದೆ ಎಂದು ನಾನು ಓದಿದ್ದು ಬಹಳ ತಡವಾಗಿ. ವೇದ, ವ್ಯಾಕರಣ, ದರ್ಶನಗಳನ್ನು ಹೇಳಿಕೊಡುವ ಜಾಗ ಎಂದು ಮಠವನ್ನು ಹೊಗಳುವ ಆ ಶಾಸನ, ಅದೇ ಉಸಿರಿನಲ್ಲಿ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಹಾಕುವ ಜಾಗ, ರೋಗಿಗಳಿಗೆ ಚಿಕಿತ್ಸೆ ಕೊಡುವ ಜಾಗ ಎಂದೂ ಹೇಳುತ್ತದೆ. ಆ ಕಾಲದಲ್ಲಿ ಓದಲು ಯಾರಿಗೆ ಬಾಗಿಲು ತೆರೆದಿತ್ತು, ಯಾರಿಗಿರಲಿಲ್ಲ ಎಂಬುದು ಬೇರೆಯೇ ಪ್ರಶ್ನೆ. ಹನ್ನೆರಡನೆಯ ಶತಮಾನವನ್ನು ನಾನು ಹೊಗಳಲು ಹೊರಟಿಲ್ಲ. ಪಾಣಿನಿಯ ವ್ಯಾಕರಣವನ್ನೂ ಅನ್ನವನ್ನೂ ಒಂದೇ ಪಟ್ಟಿಯಲ್ಲಿ ಕೆತ್ತಿಸಿದವರು ಅನ್ನಕ್ಕೆಂದು ಕೊನೆಯಲ್ಲಿ ಬೆರಳಗಲದ ಕಾಲಂ ಬಿಡಲಿಲ್ಲ, ಅಷ್ಟೇ.

2024ರ ಫೆಬ್ರವರಿಯಲ್ಲಿ ವಸತಿ ಶಾಲೆಗಳ ಬಾಗಿಲ ಮೇಲಿನ ಬರಹದ ಬಗ್ಗೆ ರಾಜ್ಯವೆಲ್ಲ ಜಗಳವಾಡಿತು. ‘ಕೈ ಮುಗಿದು ಒಳಗೆ ಬಾ’ ಎಂದಿರಬೇಕೋ ‘ಧೈರ್ಯವಾಗಿ ಪ್ರಶ್ನಿಸು’ ಎಂದಿರಬೇಕೋ? ಆಗ ನಾನು ಪದವಿಯ ಕೊನೆಯ ವರ್ಷದಲ್ಲಿದ್ದೆ, ಹಾಸ್ಟೆಲಿನ ಊಟದ ಮೇಜಿನಲ್ಲಿ ಜೋರಾಗಿಯೇ ಒಂದು ಪಕ್ಷ ಹಿಡಿದಿದ್ದೆ. ಈಗ ಆ ಎರಡು ಬರಹಗಳಲ್ಲಿ ಯಾವುದಿದ್ದರೂ ನನಗೆ ತಕರಾರಿಲ್ಲ. “ಒಳಗೆ ಬರಲಾ ಟೀಚರ್?” ಎಂದು ಕೇಳಿದವನು ಕೈ ಮುಗಿಯುವಷ್ಟು ವಿನಯದಿಂದಲೇ ಕೇಳಿದ್ದ, ಅದು ಪ್ರಶ್ನೆಯೂ ಆಗಿತ್ತು.

ನನ್ನ ಬೇಡಿಕೆ ಚಿಕ್ಕದು. ಪಾಠಯೋಜನೆಯ ಆ ಕೊನೆಯ ಕಾಲಂ ತೆಗೆದುಹಾಕಿ. ಅದಿರುವವರೆಗೆ ಮೌಲ್ಯವೆಂದರೆ ಹಿಂದಿನ ರಾತ್ರಿ ಬರೆದುಕೊಂಡು ಹೋಗಬಹುದಾದ ವಸ್ತು ಎಂದು ನಾವು ತಿಳಿದುಕೊಳ್ಳುತ್ತಲೇ ಇರುತ್ತೇವೆ. ಬದಲಿಗೆ ವೀಕ್ಷಣೆಯ ಹಾಳೆಯಲ್ಲಿ, ಪಾಠ ಮುಗಿದ ಮೇಲೆ ತುಂಬಲು ಒಂದಿಷ್ಟು ಜಾಗ ಕೊಡಿ. ಈ ಅವಧಿಯಲ್ಲಿ ಶಿಕ್ಷಕಿ ಯಾರ ಹೆಸರು ಹಿಡಿದು ಕರೆದಳು, ಯಾರನ್ನು ‘ಏಯ್, ಹಿಂದಿನವನೇ’ ಎಂದಳು? ನೀರು ತರಲು, ಕಸ ಗುಡಿಸಲು, ಸ್ಟಾಫ್ ರೂಮಿನ ಲೋಟ ತೊಳೆಯಲು ಯಾರನ್ನು ಕಳಿಸಿದಳು? ಒಂದೇ ತಪ್ಪಿಗೆ ಇಬ್ಬರಿಗೆ ಎರಡು ಮಾತು ಬಂದವೇ? ನಮ್ಮ ಉಪನ್ಯಾಸಕರು ಸೂಕ್ಷ್ಮ ಕಣ್ಣಿನವರು, ಕೇಳಿದರೆ ಖಂಡಿತ ನೋಡಿ ಬರೆಯುತ್ತಾರೆ. ಇದಕ್ಕೆ ಅಂಕ ಮಾತ್ರ ಇಡಬೇಡಿ. ಅಂಕ ಇಟ್ಟ ದಿನವೇ ನನ್ನ ಗೆಳತಿಯಂಥ ಯಾರೋ ಇದಕ್ಕೂ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತಾಳೆ.

ಶಾಲೆಯಲ್ಲಿ ನನಗೆ ಮಾರ್ಗದರ್ಶನ ಮಾಡಿದ ಹಿರಿಯ ಶಿಕ್ಷಕಿಗೆ ಇದನ್ನು ತೋರಿಸಿದೆ. ಇಪ್ಪತ್ತೇಳು ವರ್ಷ ಪಾಠ ಮಾಡಿದವರು. ಓದಿ ಕನ್ನಡಕ ತೆಗೆದು, “ನಿನಗೆ ಇನ್ನೂ ದಿನಕ್ಕೆ ಎರಡೇ ಪಾಠ ಮಾರಾಯ್ತಿ. ಆರು ಅವಧಿ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ, ಚುನಾವಣೆ ಕೆಲಸ ಎಲ್ಲ ಬಂದಾಗ ನೀನೂ ಯಾರನ್ನೋ ಹೊರಗೆ ನಿಲ್ಲಿಸುತ್ತೀಯ” ಎಂದರು. ನಿಲ್ಲಿಸಬಹುದು. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಶಿಕ್ಷಕರ ಮೇಲೆ ಇನ್ನೊಂದು ನಮೂನೆ ಹೇರಿ ಎಂದು ಕೇಳುತ್ತಲೂ ಇಲ್ಲ. ಇರುವ ಹಾಳೆಯಲ್ಲಿ ಒಂದು ಸಾಲು ಹೊಡೆದುಹಾಕಿ ಇನ್ನೊಂದು ಬರೆಯಿರಿ ಎನ್ನುತ್ತಿದ್ದೇನೆ. ಆರು ಅವಧಿಯ ಸುಸ್ತಿನಲ್ಲಿ ಕೈಗೆ ಸಿಗುವುದು ಅಭ್ಯಾಸವಾದ ಕೊಳಗವೇ, ಹಾಗಾಗಿ ಅಭ್ಯಾಸದ ಕಾಲದಲ್ಲೇ ಅದನ್ನು ಒಮ್ಮೆ ಬೋರಲು ಹಾಕಿ ತೋರಿಸಿ.

ಕೊನೆಯ ಪಾಠಯೋಜನೆಯಲ್ಲಿ ನಾನು ಆ ಕಾಲಂ ಖಾಲಿ ಬಿಟ್ಟೆ. ಎರಡು ಅಂಕ ಹೋಯಿತು. ಯಾಕೆ ಎಂದು ಕೇಳಿದ ಉಪನ್ಯಾಸಕರಿಗೆ, ಇನ್ನೂ ಪಾಠ ಮಾಡಿಲ್ಲವಲ್ಲ ಸರ್, ಏನು ಬೆಳೆಯಿತೆಂದು ಹೇಗೆ ಬರೆಯಲಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೂ ಕಾಲಂ ಖಾಲಿ ಬಿಡಬಾರದಮ್ಮ” ಎಂದರು.

ಜೂನ್‌ನಲ್ಲಿ ಅತಿಥಿ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕುತ್ತೇನೆ, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೂ ಓದುತ್ತಿದ್ದೇನೆ. ನಮ್ಮ ನಂತರದ ತಂಡದವರು ಶಾಲೆಗಳಿಗೆ ಹೊರಡುವ ಹೊತ್ತಿಗೆ ಇಲ್ಲಿ ಮಳೆ ಹಿಡಿದಿರುತ್ತದೆ, ಬಸ್ಸುಗಳು ತಡವಾಗಿರುತ್ತವೆ, ಸಂಕದ ಮೇಲೆ ನೀರಿರುತ್ತದೆ. ಹೊಸ ಹಾಳೆ ಅಷ್ಟರೊಳಗೆ ಅಚ್ಚಾದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಬಿ.ಇಡಿ. ಮುಗಿಸಿದ ಒಬ್ಬ ಪ್ರಶಿಕ್ಷಣಾರ್ಥಿ
ಶಿವಮೊಗ್ಗ